ಕತ್ತರಿಸದೆ ಕಸ್ಟಮ್ ಮಾಡಿದ ನನ್ನ ಯೆಜ್ಡಿ ರೋಡ್‌ಕಿಂಗ್

ಹದಿನೈದು ಇಪ್ಪತ್ತು ವರ್ಷದ ಹಿಂದೆ ಬೈಕ್ ಮಾಡಿಫೈ ಮಾಡಿಸಬೇಕು ಅಂದರೆ ಗ್ಯಾರೇಜಿನವರ ಕೈಗೆ ಮೊದಲು ಬರುತ್ತಿದ್ದುದು ಗ್ರೈಂಡರ್. ಹಿಂದಿನ ಚಾಸಿ ಕತ್ತರಿಸು, ಮಡ್‌ಗಾರ್ಡ್ ಕಿತ್ತು ಬಿಸಾಕು, ದಪ್ಪ ಟೈರ್ ತುರುಕು, ಸೈಲೆನ್ಸರ್ ಖಾಲಿ ಮಾಡಿ ಇಡೀ ಬೀದಿಗೆ ಕೇಳಿಸು. ಅಲ್ಲಿಗೆ ಕಸ್ಟಮ್ ಮುಗೀತು. ಪಾಪದ ಬುಲೆಟ್‌ಗಳು ಈ ಹುಚ್ಚಿಗೆ ಎಷ್ಟು ಬಲಿಯಾದವೋ ಲೆಕ್ಕವಿಲ್ಲ. ಆಮೇಲೆ ಕೆಫೆ ರೇಸರ್, ಅಂದರೆ ಮುಂದಕ್ಕೆ ಬಾಗಿ ಕೂತು ಓಡಿಸುವ ಹಳೇ ರೇಸ್ ಬೈಕ್ ಶೈಲಿಯ ಕಾಲ ಬಂತು. 2013ರಲ್ಲಿ ರಾಯಲ್ ಎನ್‌ಫೀಲ್ಡ್‌ನವರೇ ಕಾಂಟಿನೆಂಟಲ್ ಜಿಟಿ ತಂದರು. ನಂತರ ಮಣ್ಣಿನ ದಾರಿಗೂ ಇಳಿಯುವ ಸ್ಕ್ರ್ಯಾಂಬ್ಲರ್, ಗಿಡ್ಡ ಮಡ್‌ಗಾರ್ಡಿನ ಒಂಟಿ ಸೀಟಿನ ಬಾಬರ್. ಈಗಂತೂ ಜಾವಾ ಪೆರಾಕ್, ಶಾಟ್‌ಗನ್ 650 ನೋಡಿದರೆ ಗ್ಯಾರೇಜಿನಲ್ಲಿ ಮಾಡಿಸುತ್ತಿದ್ದ ಕೆಲಸ ಶೋರೂಮಿನಲ್ಲೇ ಸಿಗುತ್ತಿದೆ. ಬುಕ್ ಮಾಡುವಾಗಲೇ ಸೀಟು, ಕನ್ನಡಿ, ಹ್ಯಾಂಡಲ್ ಆರಿಸಿಕೊಂಡು ಬರಬಹುದು.

ಹಾಗಾದರೆ ಕೈಯಾರೆ ಗಾಡಿ ಕಟ್ಟುವವರಿಗೆ ಉಳಿದಿದ್ದೇನು? ಹಳೇ ಗಾಡಿ. ಹೊರಗಿನಿಂದ ಹಳೆಯದಾಗಿಯೇ ಕಾಣಬೇಕು, ಒಳಗೆ ಕರೆಂಟು, ಇಗ್ನಿಷನ್ ಎಲ್ಲ ಇವತ್ತಿನದಾಗಿರಬೇಕು. ಇದಕ್ಕೆ ರೆಸ್ಟೊಮಾಡ್ ಅಂತಾರೆ. ನನಗೆ ಇದರಲ್ಲಿ ಇಷ್ಟವಾದ ವಿಷಯ ಒಂದೇ: ಮಾಡಿದ್ದನ್ನೆಲ್ಲ ಸ್ಪ್ಯಾನರ್ ಹಿಡಿದು ಬಿಚ್ಚಿ ಮತ್ತೆ ಹಳೇ ರೂಪಕ್ಕೆ ತರಬಹುದು. ಕಾರಿನವರಲ್ಲೂ ಇದೇ ಬುದ್ಧಿ ಬಂದಿದೆ. ಬಣ್ಣ ಕೆರೆದು ಹೊಸದು ಹೊಡೆಸುವ ಬದಲು ಮೇಲೆ ವಿನೈಲ್ ರ‍್ಯಾಪ್ ಅಂಟಿಸುತ್ತಾರೆ, ಬೇಜಾರಾದರೆ ಕಿತ್ತು ಹಾಕುತ್ತಾರೆ.

ನನ್ನದು ಎಂಬತ್ತರ ದಶಕದ ರೋಡ್‌ಕಿಂಗ್. 250 ಸಿಸಿ ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಹೊಸಬರಿಗೆ ಕೊಟ್ಟು ಸ್ಟಾರ್ಟ್ ಮಾಡು ಅಂತ ಸುಮ್ನೆ ನೋಡುತ್ತಾ ನಿಂತರೆ ಒಳ್ಳೆ ಮಜಾ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇಂಥ ಗಾಡಿಗಳನ್ನು ತಯಾರಿಸಿತು. ಮೂಲ ಚೆಕೊಸ್ಲೊವಾಕಿಯಾದ್ದು. ಮೊದಲು ಜಾವಾ ಹೆಸರಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಲ್ಲಿ ಬಂದವು. ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಕೆಲಸ ಮಾಡಿದವರಲ್ಲಿ ಕೆಲವರು ಊರಲ್ಲೇ ಗ್ಯಾರೇಜ್ ಇಟ್ಟುಕೊಂಡರು. ಅಂಥವರೊಬ್ಬರ ಹತ್ತಿರ ನಾನು ಕೆಲಸ ಕಲಿತೆ. ಅವರನ್ನು ನಾನು ಕರೆಯೋದು ಯಜಮಾನ್ರೇ ಅಂತ.

ಸೀಟು ಚಪ್ಪಟೆಯಾಗಿ, ಗಿಡ್ಡವಾಗಿ ಇರಬೇಕು ಅನ್ನೋದು ನನ್ನ ಆಸೆ. ಒಂದು ದಿನ ಕೇಳಿಯೇಬಿಟ್ಟೆ. "ಯಜಮಾನ್ರೇ, ಹಿಂದೆ ಈ ಪೈಪು ಸ್ವಲ್ಪ ಕಟ್ ಮಾಡಿದ್ರೆ ಸೀಟು ಚೆನ್ನಾಗಿ ಕೂರುತ್ತೆ ಅಲ್ವಾ?"

"ಕಟ್ ಮಾಡೋಕೆ ಐದು ನಿಮಿಷ ಸಾರ್. ನಾಳೆ ಬೇಡ ಅನ್ನಿಸಿದ್ರೆ ಆ ಪೀಸು ಎಲ್ಲಿಂದ ತರ್ತೀರಾ? ಫ್ಯಾಕ್ಟರಿ ಇದ್ಯಾ?"

ಅಲ್ಲಿಗೆ ಗ್ರೈಂಡರ್ ವಿಷಯ ಮುಗಿಯಿತು. ಹಳೇ ಸೀಟಿನ ಅಳತೆ ತೆಗೆದು, ಅದೇ ಕೀಲು, ಅದೇ ಲಾಕಿನ ತೂತಿಗೆ ಕೂರುವಂತೆ ತಗಡಿನ ತಳ ಮಾಡಿಸಿದೆವು. ಮೇಲೆ ಸ್ಪಾಂಜು, ಕಂದು ರೆಕ್ಸಿನ್, ಅಡ್ಡ ಹೊಲಿಗೆ. ಹಿಂದೆ ಕೂರುವವರಿಗೂ ಜಾಗ ಉಳಿಸಿದೆ. ಒಂಟಿ ಸೀಟಿನ ಬಾಬರ್ ಫೋಟೋದಲ್ಲಿ ಚೆಂದ, ಮನೆಯವರನ್ನು ಮದುವೆಗೆ ಕರೆದುಕೊಂಡು ಹೋಗೋದು ಹೇಗೆ?

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸೀಟಿನ ರೆಕ್ಸಿನ್, ಗ್ರಿಪ್ಪು, ಕನ್ನಡಿ ಬೇರೆ. ಚಾಸಿ, ಎಂಜಿನ್, ಸೈಲೆನ್ಸರ್ ಬೇರೆ. ಈ ಗೆರೆ ದಾಟಿದ ಗಾಡಿಗೆ ಅಪಘಾತವಾದರೆ ವಿಮೆಯವರು ಏನಂತಾರೋ ಯೋಚಿಸಿ ನೋಡಿ.

ಗಾಡಿ ಬಿಚ್ಚುವ ಕೆಲಸ ಸುಲಭ, ಜೋಡಿಸೋದೇ ಕಷ್ಟ. ಪ್ರತಿ ನಟ್ಟು, ವಾಷರ್ ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲೆ ಚೀಟಿ ಅಂಟಿಸಿದೆ. ಬಿಚ್ಚುವ ಮೊದಲು ಫೋನಲ್ಲಿ ಫೋಟೋ. ಹಿಂದೆ ಇದೆಲ್ಲ ಮೇಸ್ತ್ರಿಗಳ ತಲೆಯಲ್ಲಿರುತ್ತಿತ್ತು. ನಮ್ಮ ತಲೆ ಅಷ್ಟು ನಂಬಿಕಸ್ತವಲ್ಲ.

ಎಂಜಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ದುಡ್ಡೆಲ್ಲ ಹೋಗೋದು ಅಲ್ಲಿಗೇ. ಎಷ್ಟೋ ಜನ ಟ್ಯಾಂಕಿಗೆ ಬಣ್ಣ ಹೊಡೆಸಿ, ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆ ಮಾಡುವ ದಂಡ, ಮುಟ್ಟದೆ ಬಿಡುತ್ತಾರೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಇಳಿಯೋದು ಕ್ರ್ಯಾಂಕ್ ಇರುವ ಗೂಡಿಗೆ. ಆ ಗೂಡು ಗಾಳಿ ಸೋರದಂತೆ ಇರಬೇಕು. ಅದನ್ನು ಕಾಯೋದು ಎರಡೂ ಕಡೆಯ ಆಯಿಲ್ ಸೀಲು, ಅಗ್ಗದ ರಬ್ಬರ್ ಉಂಗುರಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಕಲ್ಲಿನ ಥರ ಗಟ್ಟಿಯಾಗಿರುತ್ತವೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬೆಳ್ಳಗೆ ಹೊಗೆ ಬಿಡುತ್ತದೆ. ಬಲಗಡೆ, ಡೈನಮೊ ಕಡೆಯದು ಹೋದರೆ ಹೊಗೆ ಇಲ್ಲ, ಬರೀ ಗಾಳಿ ಎಳೆಯುತ್ತದೆ. ಐಡ್ಲಿಂಗ್ ತಾನಾಗಿ ಏರುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಒಂದು ದಿನ ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ. ಕಾರ್ಬುರೇಟರ್ ತಿರುಗಿಸಿ ಇದನ್ನು ಸರಿಮಾಡಲು ಹೋಗುವವರು ತುಂಬಾ ಜನ. ಆಗಲ್ಲ.

ಕ್ರ್ಯಾಂಕ್ ಕೆಲಸ ಲೇತಿನಲ್ಲಿ. ಹಳೇ ಪಿನ್ ಒತ್ತಿ ತೆಗೆದು, ಹೊಸ ಕನೆಕ್ಟಿಂಗ್ ರಾಡ್ ಕಿಟ್ ಹಾಕಿ, ಎರಡು ಫ್ಲೈವೀಲನ್ನೂ ಮತ್ತೆ ಒತ್ತಿ ಕೂರಿಸಬೇಕು. ಆಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನಿಧಾನಕ್ಕೆ ತಿರುಗಿಸೋದು. ಯಜಮಾನ್ರು ಮುಳ್ಳು ನೋಡುತ್ತಾರೆ, ತಾಮ್ರದ ಸುತ್ತಿಗೆಯಿಂದ ಒಂದು ಏಟು ಕೊಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ಮತ್ತೆ ಒಂದು ಏಟು, ಈ ಸಲ ಇನ್ನೂ ಮೆಲ್ಲಗೆ. ಮುಳ್ಳಿನ ಓಲಾಟ 0.03 ಮಿಲಿಮೀಟರ್ ಒಳಗೆ ಬರುವ ತನಕ ಅವರು ಟೀ ಕೂಡ ಮುಟ್ಟಲಿಲ್ಲ. "ಇದು ಸರಿಯಿಲ್ಲ ಅಂದ್ರೆ ಸಾರ್, ಅರವತ್ತರ ಸ್ಪೀಡಲ್ಲಿ ಹ್ಯಾಂಡಲ್ ನಡುಗುತ್ತೆ. ನೀವು ಕನ್ನಡಿ ಸರಿಯಿಲ್ಲ ಅಂತೀರಾ" ಅಂದರು. ಸಿಲಿಂಡರಿಗೆ ಬೋರಿಂಗ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿದೆವು. ಅದರಲ್ಲಿ ವಿಶೇಷವೇನಿಲ್ಲ.

ಇನ್ನು ಕರೆಂಟು. ನನ್ನ ಗಾಡಿಯದು 6 ವೋಲ್ಟ್ ಡೈನಮೊ, ಕಿಡಿ ಹುಟ್ಟಿಸೋಕೆ ಪಾಯಿಂಟ್, ಕಂಡೆನ್ಸರ್. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರಿಗೆ ಇಟ್ಟರೆ ಗಾಡಿ ಓಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ರಾತ್ರಿ ಹೆಡ್‌ಲೈಟಲ್ಲಿ ಎದುರಿನ ಹಸು ಕಾಣಲ್ಲ. ನನ್ನ ಪ್ರಕಾರ ಈಗಿನ ಟ್ರೆಂಡಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿರುವುದು 12 ವೋಲ್ಟ್ ಸಿಡಿಐ ಕಿಟ್, ಅಂದರೆ ಪಾಯಿಂಟ್ ಇಲ್ಲದೆ ಎಲೆಕ್ಟ್ರಾನಿಕ್ ಆಗಿ ಕಿಡಿ ಕೊಡುವಂಥದ್ದು. ಡೈನಮೊ ಬಿಚ್ಚಿ ಅದೇ ಕ್ರ್ಯಾಂಕ್ ತುದಿಗೆ ಹೊಸ ಮ್ಯಾಗ್ನೆಟ್ ಕೂರಿಸಿ, ಮೇಲೆ ಹಳೇ ಕವರ್ ಮುಚ್ಚಿದರೆ ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ. ಜೊತೆಗೆ ರೆಗ್ಯುಲೇಟರ್, 12 ವೋಲ್ಟಿನ ಪುಟ್ಟ ಬ್ಯಾಟರಿ, ಹೊಸ ವೈರಿಂಗ್. ಹಳೇ ಡೈನಮೊ ಎಣ್ಣೆ ಕಾಗದದಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದೀನಿ. ಹೆಡ್‌ಲೈಟಿಗೆ 35/35 ವ್ಯಾಟಿನ ಹ್ಯಾಲೋಜನ್ ಸಾಕು. ಹಳೇ ಗಾಜಿನ ಹಿಂದೆ ಬಿಳೀ ಎಲ್‌ಇಡಿ ಬಲ್ಬ್ ಇಟ್ಟರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ, ರಸ್ತೆ ಮಾತ್ರ ಕಾಣಲ್ಲ. ಹಿಂದಿನ ಲೈಟು, ಇಂಡಿಕೇಟರಿಗೆ ಎಲ್‌ಇಡಿ ಹಾಕಿದೆ, ಅಲ್ಲಿ ಚೆನ್ನಾಗಿದೆ.

ಸೈಲೆನ್ಸರ್ ವಿಷಯಕ್ಕೆ ಹುಡುಗರ ಜೊತೆ ನನ್ನ ಜಗಳ ಇನ್ನೂ ನಿಂತಿಲ್ಲ. ಒಳಗಿನ ಬ್ಯಾಫಲ್, ಅಂದರೆ ಶಬ್ದ ತಗ್ಗಿಸುವ ತೂತಿನ ಕೊಳವೆ, ತೆಗೆದರೆ ಪಿಕಪ್ ಬರುತ್ತೆ ಅನ್ನೋದು ಅವರ ನಂಬಿಕೆ. ಟೂ ಸ್ಟ್ರೋಕಿನಲ್ಲಿ ಇದು ಉಲ್ಟಾ. ಹೊಸ ಮಿಶ್ರಣದ ಸ್ವಲ್ಪ ಭಾಗ ಉರಿಯುವ ಮೊದಲೇ ಸೈಲೆನ್ಸರಿಗೆ ಜಾರಿಕೊಳ್ಳುತ್ತದೆ. ಸೈಲೆನ್ಸರ್ ಒಳಗಿಂದ ವಾಪಸ್ ಬರುವ ಒತ್ತಡದ ಅಲೆ ಅದನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಕಂಪನಿಯವರು ಪೈಪಿನ ಉದ್ದ, ಒಳಗಿನ ತೂತು ಎಲ್ಲ ಇದನ್ನು ನೋಡಿಯೇ ಇಟ್ಟಿರುತ್ತಾರೆ. ಬ್ಯಾಫಲ್ ತೆಗೆದರೆ ಶಬ್ದ ಬರುತ್ತದೆ, ಎಳೆತ ಹೋಗುತ್ತದೆ, ಪೆಟ್ರೋಲ್ ದಂಡ. ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದು ನೀವೂ ನೋಡಿರುತ್ತೀರಿ. ನನಗೇನೂ ಬೇಜಾರಾಗಲಿಲ್ಲ. ನಾನು ಮಾಡಿದ್ದು ಇಷ್ಟೇ: ಬ್ಯಾಫಲ್ ಬಿಚ್ಚಿ, ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿಯಿಡೀ ನೆನೆಸಿ, ಮಸಿ ತೊಳೆದು ಮತ್ತೆ ಹಾಕಿದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಸಾಮಾನು ಅದರ ಹತ್ತಿರ ತರಬೇಡಿ, ತಿಂದುಹಾಕುತ್ತದೆ. ಪೆಟ್ರೋಲಿಗೆ ಲೀಟರಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕುತ್ತೀನಿ. ಗಾಡಿ ಡುಗು ಡುಗು ಅನ್ನುತ್ತದೆ, ಮಾತಾಡಿದರೆ ಕೇಳಿಸುತ್ತದೆ.

ನನಗೆ ಮನಸ್ಸು ಎರಡಾಗಿದ್ದು ಬ್ರೇಕಿನ ವಿಷಯದಲ್ಲಿ. ಈಗ ಹಳೇ ಗಾಡಿಗೆ ಪಲ್ಸರಿನ ಫೋರ್ಕು (ಮುಂದಿನ ಚಕ್ರ ಹಿಡಿಯುವ ಕಾಲುಗಳು), ಡಿಸ್ಕ್ ಬ್ರೇಕ್ ಹಾಕೋದು ಮಾಮೂಲಿ. ನಿಲ್ಲೋದು ಚೆನ್ನಾಗಿ ನಿಲ್ಲುತ್ತದೆ, ಒಪ್ಪುತ್ತೀನಿ. ಆದರೆ ಫೋರ್ಕು ಬದಲಾದರೆ ಮುಂದಿನ ಎತ್ತರ, ಹ್ಯಾಂಡಲ್ ತಿರುಗುವ ರೀತಿ ಎಲ್ಲ ಬದಲು, ಕಾನೂನಿನ ಗೆರೆಯೂ ದಾಟಿದ ಹಾಗೆ. ಕೊನೆಗೆ ಡ್ರಮ್ಮನ್ನೇ ಲೇತಿನಲ್ಲಿ ಸವರಿಸಿ, ಹೊಸ ಲೈನರ್ ಅಂಟಿಸಿ, ಅದನ್ನೂ ಡ್ರಮ್ಮಿನ ಬಾಗಿಗೆ ಸರಿಯಾಗಿ ಉಜ್ಜಿಸಿದೆ. ಲೈನರ್ ಪೂರ್ತಿ ತಾಗಿದರೆ ಡ್ರಮ್ ಬ್ರೇಕ್ ಅಷ್ಟೇನೂ ಕೆಟ್ಟದಲ್ಲ. ಆದರೂ ಮುಂದಿನ ಗಾಡಿಗಿಂತ ದೂರ ಇಟ್ಟುಕೊಂಡೇ ಓಡಿಸುತ್ತೀನಿ.

ಸಣ್ಣ ರಬ್ಬರ್ ಸಾಮಾನು ಸಿಗದಿದ್ದಾಗ ಈಗ ತ್ರೀಡಿ ಪ್ರಿಂಟಿಂಗ್ ಇದೆ. ಹೆಡ್‌ಲೈಟಿನ ಒಳಗಿನ ವೈರು ಹೋಗುವ ಬುಷ್ಷು, ಟೂಲ್ ಬಾಕ್ಸಿನ ತಿರುಪು ಹೀಗೇ ಮಾಡಿಸಿದೆ. ಬಗ್ಗುವ ಟಿಪಿಯು ಪ್ಲಾಸ್ಟಿಕ್ ರಬ್ಬರಿನ ಜಾಗದಲ್ಲಿ ನಡೆಯುತ್ತದೆ. ಎಲ್ಲರೂ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಮಾತ್ರ ಎಂಜಿನ್ ಹತ್ತಿರ ಬೇಡ, 60 ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತದೆ.

ಬಣ್ಣ ಕಪ್ಪೇ. ಆರ್‌ಸಿಯಲ್ಲಿ ಕಪ್ಪು ಅಂತ ಇದೆ, ಬೇರೆ ಬಣ್ಣ ಹೊಡೆಸಿದರೆ ಆರ್‌ಟಿಒಗೆ ಹೋಗಿ ಬರೆಸಬೇಕು. ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆ ಎಳೆದವರು ಬೋರ್ಡ್ ಬರೆಯುವ ಒಬ್ಬ ಹಿರಿಯರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸವೇ ಕಡಿಮೆ. ಟೇಪ್ ಅಂಟಿಸಲಿಲ್ಲ. ಕಿರುಬೆರಳು ಟ್ಯಾಂಕಿನ ಅಂಚಿಗೆ ಆನಿಸಿ, ಉದ್ದ ಕೂದಲಿನ ಬ್ರಷ್ಷು ಮಲಗಿಸಿ, ಉಸಿರು ಬಿಗಿಹಿಡಿದು ಒಂದೇ ಎಳೆತ. ತಿರುವಿನಲ್ಲಿ ಗೆರೆ ಒಂದು ಕೂದಲಷ್ಟು ದಪ್ಪವಾಗಿದೆ. ಸ್ಟಿಕ್ಕರಿನಲ್ಲಿ ಅದು ಬರಲ್ಲ.

ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಅದು ಗಟ್ಟಿ, ಆದರೆ ದಪ್ಪ. ಚಾಸಿ ನಂಬರ್ ಇರುವ ಜಾಗಕ್ಕೆ ಶಾಖ ತಡೆಯುವ ಟೇಪ್ ಅಂಟಿಸಿಯೇ ಕೊಡಿ. ಇಲ್ಲದಿದ್ದರೆ ಅಂಕಿಗಳು ಮುಚ್ಚಿಹೋಗಿ, ಆರ್‌ಸಿ ನವೀಕರಿಸಲು ಹೋದಾಗ ಇನ್‌ಸ್ಪೆಕ್ಟರ್ ಮುಂದೆ ಸ್ಯಾಂಡ್‌ಪೇಪರ್ ಹಿಡಿದು ನಿಲ್ಲಬೇಕಾಗುತ್ತದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 2021ರಿಂದ 'ವಿಎ' ಸರಣಿಯ ವಿಂಟೇಜ್ ನೋಂದಣಿಯೂ ಇದೆ. ನನ್ನದಕ್ಕೆ ಇನ್ನೂ ವಯಸ್ಸಾಗಿಲ್ಲ. ಆದರೆ ಅಷ್ಟರಲ್ಲಿ ಟ್ರಂಕಿನ ಸಾಮಾನು ವಾಪಸ್ ಜೋಡಿಸಬೇಕಾದರೆ ಏನೂ ತೊಂದರೆಯಿಲ್ಲ, ಕತ್ತರಿಸಿದ್ದು ಒಂದೂ ಇಲ್ಲವಲ್ಲ.

ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಗಾಡಿ ತೆಗೆದುಕೊಂಡು ಹೋದಾಗ ಹುಡುಗರು ಕೇಳೋದು ಒಂದೇ, ಎಲ್ಲಿಂದ ಶುರು ಮಾಡಬೇಕು ಸಾರ್ ಅಂತ. ಕಾಗದದಿಂದ ಶುರು ಮಾಡಿ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಆರ್‌ಸಿ ಇಲ್ಲದ ಗಾಡಿ ತಗೋಬೇಡಿ. ನೋಡಲು ಹೋಗುವಾಗ ಒಂದು ಬಿಳೀ ಕಾಗದ, ಪೆನ್ಸಿಲ್ ಜೇಬಿನಲ್ಲಿರಲಿ. ಎಂಜಿನ್ ನಂಬರ್, ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದು ಅಂಕಿಯನ್ನೂ ತಾಳೆ ನೋಡಿ. ಅಂಕಿಗಳ ಸಾಲು ಸೊಟ್ಟಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ, ಮಾರುವವರು ಎಷ್ಟೇ ಒಳ್ಳೆಯವರಂತೆ ಕಂಡರೂ ಟೀ ಕುಡಿದು ಎದ್ದು ಬನ್ನಿ.