ಅಮೆರಿಕದಲ್ಲಿ ಮನೆಯಲ್ಲೇ ತಿಂಡಿ ಮಾಡಿ ಮಾರುವುದು: ಕಾಟೇಜ್ ಫುಡ್ ಕಾನೂನಿನ ಒಳಹೊರಗು

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಚಕ್ಕುಲಿ, ಕೋಡುಬಳೆ, ಸಾರಿನ ಪುಡಿಗಳಿಗೆ ಆರ್ಡರ್ ಹಿಡಿಯುವ ಸಂದೇಶಗಳು ಕಾಣಿಸತೊಡಗುತ್ತವೆ. ಗೆಳತಿಗೆ ಒಂದು ಡಬ್ಬಿ ಕೊಡುವುದಕ್ಕೂ, ಅದೇ ಡಬ್ಬಿಗೆ ಇಪ್ಪತ್ತು ಡಾಲರ್ ಪಡೆಯುವುದಕ್ಕೂ ನಮ್ಮ ಕಣ್ಣಿಗೆ ಹೆಚ್ಚು ಅಂತರ ಕಾಣದಿದ್ದರೂ, ಇಲ್ಲಿನ ಕಾನೂನಿನ ಕಣ್ಣಿಗೆ ಎರಡನೆಯದು ಆಹಾರ ವ್ಯಾಪಾರ. ಆ ವ್ಯಾಪಾರವನ್ನು ಬಾಡಿಗೆಯ ಕಮರ್ಷಿಯಲ್ ಕಿಚನ್ ಇಲ್ಲದೆ, ಸ್ವಂತ ಒಲೆಯ ಮೇಲೆಯೇ ನಡೆಸಲು ಅವಕಾಶ ಕೊಡುವುದು ಕಾಟೇಜ್ ಫುಡ್ ಕಾನೂನು. ಇದು ಇಡೀ ದೇಶಕ್ಕೆ ಒಂದೇ ಅಲ್ಲ. ಪ್ರತಿಯೊಂದು ರಾಜ್ಯವೂ ತನ್ನದೇ ನಿಯಮಗಳನ್ನು ಮಾಡಿಕೊಂಡಿದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವೀಸಾ. ಎಚ್-1ಬಿ ಉದ್ಯೋಗಿಯ ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿದ್ದು ಇಎಡಿ, ಅಂದರೆ ಕೆಲಸದ ಅನುಮತಿ ಪತ್ರ, ಇಲ್ಲದವರು ಸ್ವಂತ ವ್ಯಾಪಾರವನ್ನೂ ಮಾಡುವಂತಿಲ್ಲ; ಎಚ್-1ಬಿ ಉದ್ಯೋಗ ವೀಸಾ ಇರುವವರಿಗೆ ತಮ್ಮ ಪರವಾಗಿ ಅರ್ಜಿ ಹಾಕಿದ ಉದ್ಯೋಗದಾತರ ಕೆಲಸಕ್ಕಷ್ಟೇ ಅನುಮತಿ. ಕೌಂಟಿಯ, ಅಂದರೆ ಜಿಲ್ಲೆಯಂಥ ಆಡಳಿತ ಘಟಕದ, ಆರೋಗ್ಯ ಇಲಾಖೆ ನೋಂದಣಿ ಕೊಟ್ಟಿತೆಂದ ಮಾತ್ರಕ್ಕೆ ವಲಸೆ ಕಾನೂನಿನ ಅನುಮತಿ ಸಿಕ್ಕಂತಾಗುವುದಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾದವರು ನಾಲ್ಕು ಕಿಲೋ ನಿಪ್ಪಟ್ಟಿಗಾಗಿ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು. ಅನುಮಾನವಿದ್ದರೆ ಮೊದಲು ವಲಸೆ ವಕೀಲರನ್ನು ಕೇಳಿ.

ಕಾನೂನಿನ ಮೂಲ ತರ್ಕ ಸರಳವಾಗಿದೆ. ಹೊರಗಿಟ್ಟರೂ ಕೆಡದ, ರೋಗಾಣು ಬೆಳೆಯಲು ಬೇಕಾದ ತೇವವಿಲ್ಲದ ಅಥವಾ ಸಾಕಷ್ಟು ಹುಳಿ ಇರುವ ಆಹಾರವನ್ನು ಮನೆಯಲ್ಲಿ ಮಾಡಬಹುದು. ಫ್ರಿಜ್ಜಿನ ಆಸರೆ ಬೇಕಾದದ್ದನ್ನು ಸಾಮಾನ್ಯವಾಗಿ ಮಾಡುವಂತಿಲ್ಲ. ಹೀಗೆ ಅಳೆದರೆ ಇಡ್ಲಿ ಹಿಟ್ಟು, ಹಸಿ ಕಾಯಿಚಟ್ನಿ, ಪನೀರ್ ಎಲ್ಲವೂ ಹೊರಗುಳಿಯುತ್ತವೆ. ಒಬ್ಬಟ್ಟಿನ ಹೂರಣದಲ್ಲಿ ತೇವ ಉಳಿದಿರುವುದರಿಂದ ಅದಕ್ಕೂ ತಕರಾರು ಬರುವ ಸಾಧ್ಯತೆ ಹೆಚ್ಚು. ಉಪ್ಪಿನಕಾಯಿಯ ವಿಷಯದಲ್ಲಿ ಅಧಿಕಾರಿಗಳು ಬಿಗಿಯಾಗುವುದಕ್ಕೆ ಕಾರಣವಿದೆ: ಹುಳಿ ಸಾಲದ ಕಡೆ, ಎಣ್ಣೆಯ ಕೆಳಗೆ ಗಾಳಿಯಾಡದ ಜಾಗದಲ್ಲಿ, ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ವಿಷಬಾಧೆ ತರುವ ಸೂಕ್ಷ್ಮಜೀವಿ ಬೆಳೆಯಬಲ್ಲದು. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಅದು ಕಡಿಮೆ) 4.6ಕ್ಕಿಂತ ಕೆಳಗಿದೆಯೇ ಎಂಬುದು ಅವರ ಪ್ರಶ್ನೆಯೇ ಹೊರತು ಅಜ್ಜಿಯ ಕೈರುಚಿಯ ಮೇಲಿನ ಅನುಮಾನವಲ್ಲ.

ಕ್ಯಾಲಿಫೋರ್ನಿಯಾದ ಕಾನೂನು 2013ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಎರಡು ದರ್ಜೆಗಳಿವೆ. ಗಿರಾಕಿಗೆ ನೇರವಾಗಿ ಮಾರುವವರಿಗೆ ಕ್ಲಾಸ್ ಎ: ನಿಯಮಗಳನ್ನು ಪಾಲಿಸುತ್ತೇವೆಂದು ತಾವೇ ದೃಢೀಕರಿಸಿ ಕೌಂಟಿಯ ಎನ್ವಿರಾನ್‌ಮೆಂಟಲ್ ಹೆಲ್ತ್ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಅಂಗಡಿ, ಹೋಟೆಲುಗಳ ಮೂಲಕವೂ ಮಾರಬೇಕೆಂದರೆ ಕ್ಲಾಸ್ ಬಿ. ಇದಕ್ಕೆ ಅಡುಗೆಮನೆಯ ತಪಾಸಣೆಯಾಗಿ ಪರ್ಮಿಟ್ ಸಿಗಬೇಕು. 2022ರಲ್ಲಿ ವಾರ್ಷಿಕ ಮಾರಾಟದ ಮಿತಿಯನ್ನು ಕ್ರಮವಾಗಿ 75,000 ಮತ್ತು 1,50,000 ಡಾಲರಿಗೆ ಏರಿಸಲಾಯಿತು; ಬೆಲೆಯೇರಿಕೆಗೆ ತಕ್ಕಂತೆ ಅದು ವರ್ಷವರ್ಷವೂ ಪರಿಷ್ಕೃತವಾಗುವುದರಿಂದ ಆಯಾ ವರ್ಷದ ಅಂಕಿಯನ್ನು ನೋಡಿಕೊಳ್ಳಬೇಕು. ನೋಂದಣಿಯಾದ 3 ತಿಂಗಳೊಳಗೆ ಆಹಾರ ಸುರಕ್ಷತೆಯ ತರಬೇತಿ ಮುಗಿಸಬೇಕು. ತಯಾರಿಸುವ ಹೊತ್ತಿನಲ್ಲಿ ಪುಟ್ಟ ಮಕ್ಕಳಾಗಲಿ ಸಾಕುಪ್ರಾಣಿಗಳಾಗಲಿ ಅಡುಗೆಮನೆಯಲ್ಲಿ ಇರಬಾರದು, ಪಕ್ಕದ ಒಲೆಯ ಮೇಲೆ ಮನೆಯ ಅನ್ನ ಬೇಯುತ್ತಿರಬಾರದು. ಕೇಳುವುದಕ್ಕೆ ಸಣ್ಣದೆನಿಸಿದರೂ ದಿನನಿತ್ಯದಲ್ಲಿ ಅತಿ ಕಷ್ಟದ ನಿಯಮ ಇದೇ. ಮಕ್ಕಳು ಮಲಗಿದ ಮೇಲೆ ಕೆಲಸಕ್ಕಿಳಿಯುವವರೇ ಹೆಚ್ಚು.

ಏನನ್ನು ಮಾಡಬಹುದೆಂಬುದಕ್ಕೆ ಆ ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಅನುಮೋದಿತ ಪಟ್ಟಿಯಿದೆ. ಬ್ರೆಡ್ಡು, ಬಿಸ್ಕತ್ತು, ಕ್ಯಾಂಡಿ, ಒಣಹಣ್ಣು, ಮಸಾಲೆ ಮಿಶ್ರಣಗಳು ಅದರಲ್ಲಿವೆ. ಚಕ್ಕುಲಿ, ಮೈಸೂರು ಪಾಕುಗಳ ಹೆಸರನ್ನು ಅಲ್ಲಿ ಹುಡುಕಬೇಡಿ. ನಮ್ಮ ತಿಂಡಿ ಯಾವ ಗುಂಪಿಗೆ ಸೇರುತ್ತದೆಂಬುದನ್ನು ಸಾಮಗ್ರಿ, ತಯಾರಿಕೆಯ ಕ್ರಮಗಳೊಂದಿಗೆ ಕೌಂಟಿಗೆ ಇಮೇಲ್ ಮಾಡಿ ಕೇಳಿ, ಲಿಖಿತ ಉತ್ತರ ಪಡೆಯಬೇಕು. ಫೋನಿನಲ್ಲಿ ಕೇಳಿದ 'ಪರವಾಗಿಲ್ಲ'ಕ್ಕೆ ಆಮೇಲೆ ಪುರಾವೆ ಇರುವುದಿಲ್ಲ. ಸಾರಿನ ಪುಡಿ, ಹುಳಿಪುಡಿಗಳಿಂದ ಶುರು ಮಾಡುವುದು ಜಾಣತನವೆಂದು ನನ್ನ ಅನಿಸಿಕೆ.

ಇನ್ನು ಲೇಬಲ್. ಪದಾರ್ಥದ ಹೆಸರು, ತೂಕದ ಇಳಿಕೆಯ ಕ್ರಮದಲ್ಲಿ ಎಲ್ಲ ಸಾಮಗ್ರಿಗಳು, ನಿವ್ವಳ ತೂಕ, ನಿಮ್ಮ ವ್ಯಾಪಾರದ ಹೆಸರು, ನೋಂದಣಿ ಸಂಖ್ಯೆ, ಜತೆಗೆ 'ಮನೆಯ ಅಡುಗೆಮನೆಯಲ್ಲಿ ತಯಾರಿಸಿದ್ದು' ಎಂಬರ್ಥದ ಇಂಗ್ಲಿಷ್ ಒಕ್ಕಣೆ 12 ಪಾಯಿಂಟ್ ಅಕ್ಷರದಲ್ಲಿ ಇರಬೇಕು. ಅಲರ್ಜಿಕಾರಕಗಳ ಭಾಗದಲ್ಲಿ ನಮ್ಮವರು ಎಡವುವುದು ಹೆಚ್ಚು. ನಾನು ಸಾರಿನ ಪುಡಿಗೆ ಬರೆದ ಮೊದಲ ಲೇಬಲಿನಲ್ಲಿ ಧನಿಯ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಇಂಗು ಎಂದಷ್ಟೇ ಇತ್ತು. ಇಂಗಿನ ಡಬ್ಬಿಯನ್ನು ತಿರುಗಿಸಿ ಓದಿದಾಗ ಅದರಲ್ಲಿ ಗೋಧಿ ಹಿಟ್ಟು ಬೆರೆತಿರುವುದು ತಿಳಿಯಿತು. ಗೋಧಿ ಇಲ್ಲಿನ ಕಾನೂನು ಹೆಸರಿಸಿರುವ 9 ಪ್ರಮುಖ ಅಲರ್ಜಿಕಾರಕಗಳಲ್ಲಿ ಒಂದು. ಗೋಧಿಯಲ್ಲಿರುವ ಗ್ಲುಟೆನ್ ತಿನ್ನಬಾರದವರಿಗೆ ತೊಂದರೆಯಾಗಲು ಆ ಚಿಟಿಕೆ ಇಂಗೇ ಸಾಕು. ಚಕ್ಕುಲಿಯ ಎಳ್ಳು 2023ರಿಂದ ಅದೇ ಪಟ್ಟಿಯಲ್ಲಿದೆ. ಕಡಲೆಕಾಯಿ, ಗೋಡಂಬಿ, ಹಾಲಿನ ಮೂಲದ ತುಪ್ಪಗಳನ್ನೂ ಮರೆಯುವಂತಿಲ್ಲ.

ಟೆಕ್ಸಾಸ್ ಇದಕ್ಕಿಂತ ಸಡಿಲ. ಕೆಡದ ಪದಾರ್ಥಗಳಿಗೆ ಅಲ್ಲಿ ಪರ್ಮಿಟ್ಟಾಗಲಿ ತಪಾಸಣೆಯಾಗಲಿ ಇಲ್ಲ. ಫುಡ್ ಹ್ಯಾಂಡ್ಲರ್ ತರಬೇತಿ ಮತ್ತು ಸರಿಯಾದ ಲೇಬಲ್ ಇದ್ದರೆ ಸಾಕು. 2025ರ ಸೆಪ್ಟೆಂಬರಿನಿಂದ ಮಾರಾಟದ ಮಿತಿ 50,000ದಿಂದ 1,50,000 ಡಾಲರಿಗೆ ಏರಿದೆ, ರಾಜ್ಯದ ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸಿಕೊಂಡವರು ಫ್ರಿಜ್ ಬೇಕಾಗುವ ಕೆಲವು ಆಹಾರಗಳನ್ನೂ ಮಾರಬಹುದು. ಆದರೆ ಮಾಂಸ, ಮೀನುಗಳಿಗೆ ಅವಕಾಶವಿಲ್ಲ. ನ್ಯೂಜೆರ್ಸಿ ಬಾಗಿಲು ತೆರೆದದ್ದು 2021ರ ಅಕ್ಟೋಬರಿನಲ್ಲಷ್ಟೆ. ಅಲ್ಲಿ ಪರ್ಮಿಟ್ ಕಡ್ಡಾಯ.

ಬಿಸಿಬೇಳೆ ಬಾತ್, ಚಿತ್ರಾನ್ನಗಳ ಊಟದ ಡಬ್ಬಿ ಮಾರುವುದು ಕ್ಯಾಲಿಫೋರ್ನಿಯಾದಲ್ಲಿ ಬೇರೆಯದೇ ಕಾನೂನಿಗೆ ಸೇರುತ್ತದೆ. ಮೆಹ್ಕೋ ಎಂದು ಕರೆಯುವ ಆ ಪರ್ಮಿಟ್, ಒಪ್ಪಿಕೊಂಡ ಕೌಂಟಿಗಳಲ್ಲಿ ಮಾತ್ರ ಸಿಗುತ್ತದೆ. ರಿವರ್‌ಸೈಡ್ ಹಾಗೆ ಒಪ್ಪಿದ ಮೊದಲ ಕೌಂಟಿ. ದಿನಕ್ಕೆ 30, ವಾರಕ್ಕೆ 90 ಊಟಗಳ ಮಿತಿಯಿದ್ದು, ಮಾಡಿದ ಅಡುಗೆ ಅದೇ ದಿನ ಗಿರಾಕಿಯ ಕೈ ಸೇರಬೇಕು.

ತೆರಿಗೆಯ ಮಾತಿಗೆ ಬಂದರೆ, ಖರ್ಚು ಕಳೆದ ಲಾಭ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ವ್ಯಾಪಾರದ ಲಾಭನಷ್ಟ ತೋರಿಸುವ ಶೆಡ್ಯೂಲ್ ಸಿ ಫಾರಂ ಜೊತೆಗೆ ಸ್ವಉದ್ಯೋಗದ ತೆರಿಗೆಯ ಲೆಕ್ಕವನ್ನೂ ಕೊಡಬೇಕಾಗುತ್ತದೆ. ಎಣ್ಣೆ, ಡಬ್ಬಿಗಳ ರಸೀದಿಗಳನ್ನು ಮೊದಲ ದಿನದಿಂದಲೇ ಎತ್ತಿಡಿ. ಮನೆಯ ವಿಮೆ ಸಾಮಾನ್ಯವಾಗಿ ವ್ಯಾಪಾರದಿಂದಾದ ಹಾನಿಯನ್ನು ಭರಿಸುವುದಿಲ್ಲ, ಬಾಡಿಗೆ ಮನೆಯಾದರೆ ಕರಾರುಪತ್ರವನ್ನೂ ಓದಬೇಕು. ಕಾಟೇಜ್ ಫುಡ್ ನೋಂದಣಿಯ ಬಲ ರಾಜ್ಯದ ಗಡಿಯವರೆಗೆ ಮಾತ್ರ: ಫ್ರೀಮಾಂಟಿನಿಂದ ಸ್ಯಾನ್ ಡಿಯೇಗೋಗೆ ಪುಡಿಯ ಪೊಟ್ಟಣ ಅಂಚೆಯಲ್ಲಿ ಹೋಗಬಹುದು, ಅದರ ಬಲದ ಮೇಲೆ ಸಿಯಾಟಲಿನ ಗಿರಾಕಿಗೆ ಕಳಿಸುವಂತಿಲ್ಲ.