ಅಂಟದ, ಪುಡಿಯಾಗದ ಕಾಯಿ ಬರ್ಫಿ

ಕಾಯಿ ತುರಿಯುವಾಗ ಕರಟದ ಹತ್ತಿರದ ಕಂದು ಭಾಗ ಬಿಟ್ಟುಬಿಡಿ. ಅದು ಸೇರಿದರೆ ಬರ್ಫಿ ಬೆಳ್ಳಗಾಗುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಒಂದೂವರೆ ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಕುದಿಸಿ. ಪಾಕ ಒಂದೆಳೆ ಬಂದಾಗ (ಎರಡು ಬೆರಳ ನಡುವೆ ಒತ್ತಿ ಬಿಡಿಸಿದರೆ ಒಂದು ಎಳೆ ಬರಬೇಕು) 2 ಲೋಟ ತುರಿ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ಮೊದಲು ನೀರಾದಂತೆ ಕಾಣುತ್ತದೆ, ಗಾಬರಿ ಬೇಡ. 10-12 ನಿಮಿಷಕ್ಕೆ ಅಂಚಿನಲ್ಲಿ ಬೆಳ್ಳನೆ ನೊರೆ ಎದ್ದು, ಇಡೀ ಮುದ್ದೆ ತಳ ಬಿಟ್ಟು ಸೌಟಿನ ಜೊತೆಗೇ ಸುತ್ತುತ್ತದೆ. ಈ ಹದವೇ ಎಲ್ಲ: ಮೊದಲೇ ಇಳಿಸಿದರೆ ಅಂಟಂಟು, ತಡವಾದರೆ ಪುಡಿಪುಡಿ. ಏಲಕ್ಕಿ ಪುಡಿ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬಿಸಿ ಆರುವ ಮೊದಲೇ ಚಾಕುವಿನಿಂದ ಗೆರೆ ಎಳೆಯಿರಿ. ಅಂಟಂಟಾದದ್ದನ್ನು ಮತ್ತೆ ಬಾಣಲೆಗೆ ಹಾಕಿ ಮಗುಚಬಹುದು; ಪುಡಿಯಾಗಿದ್ದರೆ 2 ಚಮಚ ಹಾಲು ಚಿಮುಕಿಸಿ ಬಿಸಿ ಮಾಡಿ.