ಶಾಲಾ ಸಿಬ್ಬಂದಿಗೆ ಸುತ್ತೋಲೆ ಬರೆಯುವಾಗ

ವಿಷಯದ ಸಾಲಿನಲ್ಲಿ ‘ಮುಖ್ಯ ಸೂಚನೆ’ ಎಂದು ಬರೆಯಬೇಡಿ. ಎಲ್ಲ ಸುತ್ತೋಲೆಗಳೂ ಹಾಗೇ ಹೇಳಿಕೊಳ್ಳುತ್ತವೆ. ‘ರಜೆ ಅರ್ಜಿ: ಶುಕ್ರವಾರ ಸಂಜೆ 4ರೊಳಗೆ’ ಎಂದು ಕೆಲಸವನ್ನೂ ಗಡುವನ್ನೂ ಅಲ್ಲೇ ಹೇಳಿ. ಶಿಕ್ಷಕರಿಗೋ, ಕಚೇರಿಯವರಿಗೋ, ಬಸ್ ಚಾಲಕರಿಗೋ, ಯಾರಿಗೆ ಅನ್ವಯ ಎಂಬುದು ಮೊದಲ ವಾಕ್ಯದಲ್ಲಿರಲಿ.

ನಿಯಮ ಬದಲಾಗಿದ್ದರೆ ಹಳೆಯದನ್ನೂ ಹೊಸದನ್ನೂ ಒಂದರ ಕೆಳಗೊಂದು ಕೊಟ್ಟು, ಜಾರಿಗೆ ಬರುವ ದಿನಾಂಕ ಬರೆಯಿರಿ. ‘ಪರಿಷ್ಕರಿಸಲಾಗಿದೆ’ ಎಂದಷ್ಟೇ ಬರೆದರೆ ಏನು ಬದಲಾಯಿತೆಂದು ಯಾರಿಗೂ ತಿಳಿಯದು. ಹಳೆಯ ನಮೂನೆಯನ್ನೇ ತುಂಬಿ ಕಳಿಸುತ್ತಾರೆ. ಆ ನಮೂನೆಯನ್ನು ಎಲ್ಲರೂ ಬಳಸುವ ಫೋಲ್ಡರಿನಿಂದ ಅಂದೇ ತೆಗೆದುಹಾಕಿ. ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ. ಬರೀ ಜ್ಞಾಪನೆಯಾದರೆ ‘ನಿಯಮದಲ್ಲಿ ಬದಲಾವಣೆಯಿಲ್ಲ’ ಎಂದು ಮೊದಲೇ ತಿಳಿಸಿ.

ವಿದ್ಯಾರ್ಥಿಗಳ ಹೆಸರಿರುವ ಪಟ್ಟಿಯನ್ನು ಲಗತ್ತಿಸಬೇಡಿ. ವಿಚಾರಿಸಲು ಒಬ್ಬರನ್ನೇ ಸೂಚಿಸಿ. ಇಬ್ಬರಿದ್ದರೆ ಉತ್ತರವೂ ಎರಡಾಗುತ್ತದೆ.